ಮೈದಾನವೆಲ್ಲ ಖಾಲಿ, ಆದರೂ ನಮ್ಮ ಬಾಗಿಲಿಗೇ ಬಂದು ನಿಂತರು

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಕೊಡಗಿಗೆ ಕ್ಯಾಂಪರ್‌ವ್ಯಾನ್‌ಗಳೂ ಬರುತ್ತವೆ, ಅವುಗಳ ಹಿಂದೆಯೇ ನನಗೆ ಪತ್ರಗಳೂ ಬರುತ್ತವೆ. ವ್ಯಾನುಗಳ ಒಳಗೆ ಮಂಚ, ಅಡುಗೆ ಕಟ್ಟೆ ಕೂರಿಸಿಕೊಡುವುದು ನನ್ನ ಕೆಲಸ. ತೋಟದ ಒಂದು ಬದಿಯಲ್ಲಿ ರಾತ್ರಿ ತಂಗುವವರಿಗೆ ಜಾಗವನ್ನೂ ಕೊಡುತ್ತೇನೆ. ಬ್ಯಾಟರಿ ಚಾರ್ಜ್ ಮಾಡೋದು ಹೇಗೆ, ನೀರಿನ ಟ್ಯಾಂಕ್ ತೊಳೆಯೋದು ಹೇಗೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ಗೊತ್ತಿಲ್ಲದೆ ಮನೆಯಿಂದ ಗಾಡಿ ತೆಗೆಯಲೇಬಾರದು.

ಪ್ರಶ್ನೆ: ನಾವು ಗಂಡ ಹೆಂಡತಿ, ಒಬ್ಬಳು ಮಗಳು. ಟೆಂಪೋ ಟ್ರಾವೆಲರನ್ನು ಕ್ಯಾಂಪರ್‌ವ್ಯಾನ್ ಮಾಡಿಸಿಕೊಂಡಿದ್ದೇವೆ. ಡಿಸೆಂಬರಿನಲ್ಲಿ ಸಿದ್ದಾಪುರದ ಹತ್ತಿರ ಒಂದು ತೋಟದಲ್ಲಿ ದುಡ್ಡು ಕೊಟ್ಟು ನಿಂತಿದ್ದೆವು. ಮೈದಾನವೆಲ್ಲ ಖಾಲಿ. ರಾತ್ರಿ ಒಂಬತ್ತಕ್ಕೆ ಇನ್ನೊಂದು ವ್ಯಾನ್ ಬಂದು ನಮ್ಮ ಬಾಗಿಲಿಗೆ ಮೂರಡಿ ಬಿಟ್ಟು ನಿಂತಿತು. ಅವರು ಊಟ ಮುಗಿಸಿ ಕೂತ ಮೇಲೆ ನಮ್ಮವರು ಹೋಗಿ ‘ಇಷ್ಟು ಜಾಗ ಇರುವಾಗ ಇಲ್ಲೇ ಯಾಕೆ?’ ಅಂದರು. ‘ನಿಮ್ಮಪ್ಪನ ಜಾಗವಾ?’ ಅಂತ ಉತ್ತರ ಬಂತು. ಬೇಸರವಾಗಿ ಮರುದಿನ ಅಲ್ಲಿಂದ ಹೊರಟೆವು. ಒಂದು ಹಳೇ ದೊಡ್ಡ ಮನೆಯ ಪಕ್ಕ ಖಾಲಿ ಅಂಗಳ ಸಿಕ್ಕಿತು, ಅಲ್ಲಿ ನೆಮ್ಮದಿಯಾಗಿ ಮಲಗಿದೆವು. ಎರಡು ವ್ಯಾನುಗಳ ನಡುವೆ ಎಷ್ಟು ದೂರ ಇರಬೇಕು? ಇಂಥವರಿಗೆ ಹೇಗೆ ಹೇಳಬೇಕು?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಹೆಸರಲ್ಲಿ ಬರುತ್ತಲೇ ಇದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ನನ್ನ ಜಾಗದಲ್ಲಿ ಒಂದು ವ್ಯಾನಿನ ಗೋಡೆಯಿಂದ ಇನ್ನೊಂದರ ಗೋಡೆಗೆ 20 ಅಡಿ ಬಿಡಲೇಬೇಕು. ಬ್ರಿಟನ್ನಿನ ಕ್ಯಾಂಪ್ ಸೈಟುಗಳಲ್ಲಿ 6 ಮೀಟರ್ ಬಿಡಿಸುತ್ತಾರೆ, ಹೆಚ್ಚುಕಮ್ಮಿ ಅಷ್ಟೇ ಆಯಿತು. ಬದಿಯ ಆನಿಂಗ್ (ಬಟ್ಟೆಯ ಚಪ್ಪರ) ಬಿಚ್ಚಿದರೂ ನಡುವೆ 3 ಮೀಟರ್ ಖಾಲಿ ಉಳಿಯಬೇಕು ಅನ್ನುತ್ತಾರೆ. ಅವರು ಈ ಅಳತೆ ಇಟ್ಟುಕೊಂಡದ್ದು ಬೆಂಕಿಗೆ ಹೆದರಿ. ವ್ಯಾನಿನ ಒಳಗೆ ಏನೇನಿದೆ ನೋಡಿ. ಪ್ಲೈವುಡ್, ಫೋಮ್ ಹಾಸಿಗೆ, ಪರದೆ, ಗ್ಯಾಸ್ ಸಿಲಿಂಡರ್, ಕೆಳಗಡೆ ಡೀಸೆಲ್ ಟ್ಯಾಂಕ್. ಒಂದಕ್ಕೆ ಹೊತ್ತಿಕೊಂಡರೆ ಮೂರಡಿ ಆಚೆಗಿನದಕ್ಕೆ ತಗಲಲು ಎಷ್ಟು ಹೊತ್ತು ಬೇಕು? ಅಗ್ನಿಶಾಮಕದವರು ತೋಟದ ರಸ್ತೆಯ ತಿರುವುಗಳಲ್ಲಿ ದೊಡ್ಡ ಗಾಡಿ ಹೊರಳಿಸಿಕೊಂಡು ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಆ ಮೂರಡಿ ಸಂದಿಯಲ್ಲಿ ಮಗಳನ್ನು ಎತ್ತಿಕೊಂಡು ಓಡಲೂ ಆಗುವುದಿಲ್ಲ.

ಹೊಗೆಯ ವಿಷಯವೂ ಇದೆ. ಪಕ್ಕದವರು ಜನರೇಟರ್ ಹಾಕಿದರು, ಗಾಳಿ ನಿಮ್ಮ ಕಡೆ ತಿರುಗಿತು ಅಂದುಕೊಳ್ಳಿ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ತಪ್ಪು ಪಕ್ಕದವರದ್ದು, ಜೀವ ಹೋಗುವುದು ನಿಮ್ಮದು. ಸದ್ದಿನ ಲೆಕ್ಕ ಕೇಳಿದರೆ, ಬಯಲಿನಲ್ಲಿ ದೂರವನ್ನು ಎರಡರಷ್ಟು ಮಾಡಿದಾಗ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಐದಡಿಯಿಂದ ಹತ್ತಡಿಗೆ, ಹತ್ತರಿಂದ ಇಪ್ಪತ್ತಕ್ಕೆ ಹೋದರೆ 12 ಡೆಸಿಬಲ್ ಕಡಿಮೆಯಾಯಿತು. ಗೊರಕೆ, ಮಾತು, ಬಾಗಿಲು ಎಳೆಯುವ ಸದ್ದು, ಎಲ್ಲದಕ್ಕೂ ಇದೇ ಲೆಕ್ಕ.

ಕೊಡಗಿನಲ್ಲಿ ಸಮತಟ್ಟು ಜಾಗ ಕಡಿಮೆ. 20 ಅಡಿ ಎಲ್ಲ ಕಡೆ ಸಿಗುವುದಿಲ್ಲ ಅಂತ ನನಗೂ ಗೊತ್ತು. ಆಗ ದಿಕ್ಕನ್ನಾದರೂ ಸರಿ ಮಾಡಿಕೊಳ್ಳಿ. ಇದನ್ನು ಯಾರೂ ಯೋಚಿಸುವುದೇ ಇಲ್ಲ. ನಮ್ಮಲ್ಲಿ ರಸ್ತೆಯ ಎಡಗಡೆ ಓಡಿಸುವುದರಿಂದ ಹೆಚ್ಚಿನ ವ್ಯಾನುಗಳ ದೊಡ್ಡ ಬಾಗಿಲು ಎಡಕ್ಕಿರುತ್ತದೆ. ಎರಡೂ ಗಾಡಿ ಒಂದೇ ಕಡೆ ಮುಖ ಮಾಡಿ ನಿಂತರೆ ಒಬ್ಬರ ಬಾಗಿಲ ಎದುರು ಇನ್ನೊಬ್ಬರ ಡ್ರೈವರ್ ಬದಿಯ ಗೋಡೆ ಬರುತ್ತದೆ. ಒಂದು ಹಿಂದು ಮುಂದಾಗಿ ಎಡಕ್ಕೆ ಎಡ ಸೇರಿಸಿ ನಿಂತರೆ ಎರಡು ಬಾಗಿಲೂ ಎದುರುಬದುರು. ಆಮೇಲೆ ನಡುರಾತ್ರಿ ಹೊರಗೆ ಹೋಗಬೇಕಾದ ಹೆಂಗಸರಿಗೆ ಪಕ್ಕದವರ ಕಣ್ಣೆದುರೇ ಇಳಿಯಬೇಕಾಗುತ್ತದೆ. ಇಳಿಜಾರಿನಲ್ಲಿ ಇನ್ನೊಂದು ಗಾಡಿಯ ನೇರ ಕೆಳಗೆ ನಿಲ್ಲಲೇಬೇಡಿ. ಗೇರ್‌ನಲ್ಲಿಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಮರದ ತುಂಡು ಕೊಡಿ. ಆದರೆ ಮೇಲಿನವರು ಕೊಟ್ಟಿದ್ದಾರೋ ಇಲ್ಲವೋ ನಿಮಗೆ ಹೇಗೆ ಗೊತ್ತು?

ಈಗ ಆ ‘ನಿಮ್ಮಪ್ಪನ ಜಾಗವಾ’ ಅಂದವರ ವಿಷಯ. ಮಾತು ಕೆಟ್ಟದ್ದು, ಒಪ್ಪುತ್ತೇನೆ. ಆದರೆ ಹೀಗೆ ಅಂಟಿಕೊಂಡು ನಿಲ್ಲುವವರಲ್ಲಿ ಹೆಚ್ಚಿನವರಿಗೆ ಇರುವುದು ಸೊಕ್ಕಲ್ಲ, ಹೆದರಿಕೆ. ಬೀದಿದೀಪದ ಕೆಳಗೇ ಬೆಳೆದವರಿಗೆ ಸಿದ್ದಾಪುರ, ಮಾಲ್ದಾರೆ ಕಡೆಯ ತೋಟದ ಕತ್ತಲು ಹೊಸದು. ದಾರಿಯ ಹೋಟೆಲಿನಲ್ಲಿ ಯಾರೋ ಆನೆ ಸುದ್ದಿ ಹೇಳಿರುತ್ತಾರೆ. ಲೈಟು ಉರಿಯುವ ಒಂದು ವ್ಯಾನ್ ಕಂಡರೆ ಅದರ ಪಕ್ಕಕ್ಕೇ ಹೋಗುತ್ತಾರೆ. ಹೆದರಿದವರ ಹತ್ತಿರ ‘ಇಲ್ಲೇ ಯಾಕೆ’ ಅಂತ ಕೇಳಿದರೆ ಜಗಳವಲ್ಲದೆ ಇನ್ನೇನಾಗುತ್ತದೆ?

ನೀವು ಹೇಳಿದ ಹೊತ್ತೂ ಸರಿಯಿಲ್ಲ. ಗಾಡಿ ಸಮ ಮಾಡಿ, ಅಡುಗೆ ಮಾಡಿ, ಉಂಡು ಕೂತವರು ಕದಲುವುದಿಲ್ಲ. ಅವರು ಎಂಜಿನ್ ಆಫ್ ಮಾಡುವ ಮೊದಲೇ ಇಳಿದು ಹೋಗಬೇಕಿತ್ತು. ಟಾರ್ಚನ್ನು ಮುಖಕ್ಕೆ ಬಿಡದೆ ನೆಲಕ್ಕೆ ಬಿಡಿ. ‘ಅಣ್ಣಾ, ನಮ್ಮ ಬಾಗಿಲು ಈ ಕಡೆ ತೆಗೆಯುತ್ತೆ, ಚಿಕ್ಕ ಮಗು ಇದೆ. ಆ ಕಡೆ ನೆಲ ಸಮ ಇದೆ ನೋಡಿ, ಹಿಂದಕ್ಕೆ ತಗೊಳ್ಳಿ, ನಾನು ಲೈಟ್ ಹಿಡೀತೀನಿ’ ಅನ್ನಿ. ಹೋಗುವ ಜಾಗ ಇಂಥದ್ದು ಅಂತ ತೋರಿಸಿದರೆ ಹೆಚ್ಚಿನವರು ಹೋಗುತ್ತಾರೆ. ‘ರಾತ್ರಿ ಏನಾದರೂ ಆದರೆ ಕರೀರಿ’ ಅಂತ ಒಂದು ಮಾತು ಸೇರಿಸಿದರೆ ಇನ್ನೂ ಒಳ್ಳೆಯದು. ಅವರಿಗೆ ಬೇಕಾಗಿದ್ದದ್ದೇ ಅದು.

ಅಷ್ಟಾದರೂ ಒಪ್ಪದಿದ್ದರೆ ತೋಟದವರಿಗೆ ಫೋನ್ ಮಾಡಿ. ದುಡ್ಡು ತಗೊಂಡ ಮೇಲೆ ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳುವುದು ಅವರ ಕೆಲಸ. ಸುಣ್ಣದಲ್ಲಿ ನಾಲ್ಕು ಗೆರೆ ಎಳೆಯದೆ, ‘ಎಲ್ಲಾದರೂ ಹಾಕ್ಕೊಳ್ಳಿ’ ಅಂತ ಹೇಳಿ ಮನೆಗೆ ಹೋಗಿ ಮಲಗುವ ತೋಟದವರ ಮೇಲೆ ನನಗೆ ಬಹಳ ಕೋಪ ಇದೆ. ಜಗಳದ ಅರ್ಧ ತಪ್ಪು ಅವರದ್ದು. ಅವರು ಫೋನ್ ಎತ್ತದಿದ್ದರೆ ನೀವೇ ಗಾಡಿ ಸರಿಸಿಕೊಳ್ಳಿ. ಸೋತ ಹಾಗೆ ಅನಿಸಬಹುದು, ಅನಿಸಲಿ. ಆನೆ ಓಡಾಡುವ ಕಡೆ ಕತ್ತಲಲ್ಲಿ ಹೊರಗೆ ನಿಂತು ಕಿರುಚಾಡುವುದಕ್ಕಿಂತ ಅದು ಎಷ್ಟೋ ವಾಸಿ. ಹಾಗಂತ ಬಂದ ಕೂಡಲೇ ಕುರ್ಚಿ, ಚಾಪೆ, ಹಗ್ಗ ಎಲ್ಲ ಹರಡಿ ಅರ್ಧ ಮೈದಾನ ಹಿಡಿದಿಡುವುದೂ ಬೇಡ. ನಿಮಗೆ ಸಲ್ಲಬೇಕಾದದ್ದು 20 ಅಡಿ, 60 ಅಡಿ ಅಲ್ಲ.

ನಿಮ್ಮ ಪತ್ರದ ಇನ್ನೊಂದು ಸಾಲು ನನಗೆ ಸಿಟ್ಟು ತರಿಸಿತು. ‘ಹಳೇ ದೊಡ್ಡ ಮನೆಯ ಪಕ್ಕ ಖಾಲಿ ಅಂಗಳ ಸಿಕ್ಕಿತು.’ ಯಾರನ್ನು ಕೇಳಿ ನಿಂತಿರಿ? ಪತ್ರದಲ್ಲಿ ಅದಿಲ್ಲ. ನೀವು ಹೇಳುವುದು ನೋಡಿದರೆ ಅದು ಯಾವುದೋ ಕುಟುಂಬದ ಐನ್‌ಮನೆ, ಅಂದರೆ ಹಿರಿಯರ ಮೂಲಮನೆ, ಇರಬೇಕು. ದಿನವೂ ಜನ ವಾಸ ಇಲ್ಲದಿರಬಹುದು. ಆದರೆ ಹಬ್ಬಕ್ಕೆ, ಕಾರಣರ (ತೀರಿಹೋದ ಹಿರಿಯರ) ಕಾರ್ಯಕ್ಕೆ ಇಡೀ ಒಕ್ಕ, ಅಂದರೆ ಒಂದೇ ಮನೆತನದವರೆಲ್ಲ, ಬಂದು ಸೇರುವ ಜಾಗ ಅದು. ಹತ್ತಿರದಲ್ಲಿ ಆ ಹಿರಿಯರ ಗುಡಿ, ಕೈಮಡ ಇರುತ್ತದೆ. ನಿಮ್ಮ ಬಾಗಿಲಿನಿಂದ ಮೂರಡಿಯಲ್ಲಿ ಇನ್ನೊಬ್ಬರು ಬಂದಾಗ ಅಷ್ಟು ನೋವಾಯಿತು. ನೀವು ಅವರ ಹಿರಿಯರಿಗೆ ಕೈ ಮುಗಿಯುವ ಜಾಗದ ಪಕ್ಕ ಗಾಡಿ ನಿಲ್ಲಿಸಿ ನೆಮ್ಮದಿಯಾಗಿ ಮಲಗಿದಿರಿ.

ಕೊಡಗಿನಲ್ಲಿ ಖಾಲಿ ಕಾಣುವ ಸಮತಟ್ಟು ಜಾಗಕ್ಕೆಲ್ಲ ಒಂದೊಂದು ಕೆಲಸ ಇದೆ. ಸಿಮೆಂಟ್ ಹಾಕಿದ ದೊಡ್ಡ ಅಂಗಳ ಕಂಡರೆ ಅದು ಕಾಫಿ ಕಣ. ನವೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದ ಬೀಜ), ಚೆರಿ (ಇಡೀ ಹಣ್ಣು) ಒಣಗುತ್ತದೆ. ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಿದಾಗ ನೋಡಿದವರಿಗೆ ಬರೀ ಅಂಗಳ ಅನಿಸುತ್ತದೆ. ಕಾಫಿ ಬೀಜ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ನಿಮ್ಮ ಡೀಸೆಲ್ ಹೊಗೆ, ಎಂಜಿನ್ ಆಯಿಲಿನ ನಾಲ್ಕು ಹನಿ ಸಾಕು, ಒಂದು ಕುಟುಂಬದ ವರ್ಷದ ದುಡಿಮೆಗೆ ಏಟು ಬೀಳುತ್ತದೆ. ಊರ ನಡುವಿನ ಹುಲ್ಲು ಮೈದಾನ ಮಂದ್ ಆಗಿರಬಹುದು, ಸುಗ್ಗಿಯ ಹಬ್ಬ ಪುತ್ತರಿಗೆ ಕೋಲಾಟ ಆಡುವ ನೆಲ. ಮರ ದಟ್ಟವಾಗಿರುವ ತಂಪು ಮೂಲೆ ದೇವರಕಾಡು ಆಗಿರಬಹುದು. ಗೇಟಿನ ಮುಂದಿನ ಅಗಲ ಜಾಗದಲ್ಲಿ ಬೆಳಿಗ್ಗೆ ಕೆಲಸದವರನ್ನು ತುಂಬಿಕೊಂಡು ಜೀಪು ತಿರುಗುತ್ತದೆ.

ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಲೈನ್ ಮನೆಗಳ, ಅಂದರೆ ತೋಟದ ಕೆಲಸದವರ ಸಾಲುಮನೆಗಳ, ಮುಂದೆ ನಿಲ್ಲುವವರು. ಅಲ್ಲಿ ನಲ್ಲಿ ಇರುತ್ತದೆ, ಲೈಟ್ ಇರುತ್ತದೆ, ಅದಕ್ಕೇ ಹೋಗುತ್ತಾರೆ. ಆ ಹೆಂಗಸರು ಬೆಳಗಾಗುವ ಮೊದಲೇ ಎದ್ದು ನೀರು ಹಿಡಿದು, ಸ್ನಾನ ಮುಗಿಸಿ, ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗಬೇಕು. ಅವರ ಬಾಗಿಲ ಎದುರು ನಿಮ್ಮ ಕಿಟಕಿ. ಕೆಲಸದವರು ‘ಹೋಗಿ’ ಅಂತ ಹೇಳುವುದಿಲ್ಲ, ಸುಮ್ನೆ ಬಾಗಿಲು ಹಾಕಿಕೊಳ್ಳುತ್ತಾರೆ. ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ.

ಆದ್ದರಿಂದ ಬೆಳಕಿರುವಾಗಲೇ, ಸಂಜೆ ಐದರೊಳಗೆ, ಜಾಗ ಗೊತ್ತು ಮಾಡಿಕೊಳ್ಳಿ. ಹತ್ತಿರದ ಅಂಗಡಿಯಲ್ಲಿ ಜಾಗ ಯಾರದ್ದು ಅಂತ ಕೇಳಿ, ಅವರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಕೇಳಿ. ಬೇಡ ಅಂದರೆ ಕಾರಣ ಕೇಳದೆ ಹೊರಡಿ. ಹೂಂ ಅಂದರೂ ಎಲ್ಲಿ ನಿಲ್ಲಲಿ, ಯಾವ ಕಡೆ ಮುಖ ಮಾಡಲಿ ಅಂತ ಅವರನ್ನೇ ಕೇಳಿ.

ಪ್ರಶ್ನೆ: ವ್ಯಾನಿನ ಸುತ್ತ ಖಾರದ ಪುಡಿ ಚೆಲ್ಲಿದರೆ ಆನೆ ಬರುವುದಿಲ್ಲವಂತೆ. ಸೂಕ್ಷ್ಮ ಶಬ್ದ ಹೊರಡಿಸಿ ಆನೆ ಓಡಿಸುವ ಯಂತ್ರವೂ ಸಿಗುತ್ತದಂತೆ. ಯಾವುದು ಒಳ್ಳೆಯದು?

ಉತ್ತರ: ಎರಡೂ ಬೇಡ. ಮೆಣಸಿನ ಪುಡಿಯನ್ನು ಗ್ರೀಸಿನಲ್ಲಿ ಕಲಸಿ ಹಗ್ಗಕ್ಕೆ ಬಳಿದು ಬೇಲಿ ಕಟ್ಟುವುದು ಕೆಲವು ದೇಶಗಳ ರೈತರು ಮಾಡುವ ಕೆಲಸ. ಅದನ್ನೂ ಮತ್ತೆ ಮತ್ತೆ ಬಳಿಯುತ್ತಿರಬೇಕು. ನೆಲಕ್ಕೆ ಚೆಲ್ಲಿದ ಪುಡಿ ಇಬ್ಬನಿಗೆ ಕೊಚ್ಚೆಯಾಗುತ್ತದೆ, ಅಷ್ಟೇ. ಯಂತ್ರ ಮಾರುವವನು ಒಂದು ರಾತ್ರಿ ಆನೆ ಓಡಾಡುವ ತಿತಿಮತಿ ಕಡೆ ಅದನ್ನು ನಂಬಿ ಮಲಗಿ ತೋರಿಸಲಿ, ಆಮೇಲೆ ದುಡ್ಡು ಕೇಳಲಿ. ಇಂಥವರು ಜನರ ಹೆದರಿಕೆಯನ್ನು ಮಾರಿ ಬದುಕುತ್ತಾರೆ. ಅದನ್ನು ನಂಬಿ ಧೈರ್ಯವಾಗಿ ಹೊರಗೆ ಕೂರುವವರಿಗೆ ಅಪಾಯ ಇನ್ನೂ ಜಾಸ್ತಿ.

ಕೆಲಸಕ್ಕೆ ಬರುವುದು ಇಷ್ಟು. ಹಲಸು, ಬಾಳೆಗೊನೆ ವ್ಯಾನಿನಲ್ಲಿ ಇಡಬೇಡಿ. ಹಲಸು ಹಣ್ಣಾಗುವ ಕಾಲದಲ್ಲಿ ಆ ಮರದ ಹತ್ತಿರವೂ ನಿಲ್ಲಬೇಡಿ. ಆನೆ ಯಾವ ದಾರಿಯಲ್ಲಿ ಬರುತ್ತದೆ ಅಂತ ತೋಟದವರಿಗೆ ಗೊತ್ತಿರುತ್ತದೆ, ಕೇಳಿ, ಆ ದಾರಿ ಬಿಡಿ. ಎರಡು ವ್ಯಾನ್ ಸೇರಿಸಿ ನಿಲ್ಲಿಸಿ ಕೋಟೆ ಮಾಡಿಕೊಳ್ಳುವುದರಿಂದ ಆನೆಯ ದಾರಿಗೆ ಅಡ್ಡವಾಗುತ್ತದೆಯೇ ಹೊರತು ಹೆದರಿಕೆ ಆಗುವುದಿಲ್ಲ. ಬಂದರೆ ಒಳಗಿರಿ, ಲೈಟ್ ಆರಿಸಿ, ಹಾರ್ನ್ ಮಾಡಬೇಡಿ, ಫೋಟೋ ತೆಗೆಯಬೇಡಿ.

ಪ್ರಶ್ನೆ: ವಿದೇಶದಲ್ಲಿ ಯಾರ ಜಾಗದಲ್ಲಾದರೂ ರಾತ್ರಿ ನಿಲ್ಲುವ ಹಕ್ಕು ಇದೆಯಲ್ಲ, ನಮ್ಮಲ್ಲಿ ಯಾಕಿಲ್ಲ?

ಉತ್ತರ: ನೀವು ಹೇಳುವ ಹಕ್ಕು ಗಾಡಿಗಳಿಗೆ ಅಲ್ಲೂ ಇಲ್ಲ. ಸ್ಕಾಟ್ಲೆಂಡಿನ 2003ರ ಕಾಯ್ದೆ ನಡೆದು ಹೋಗುವವರಿಗೆ ಹಕ್ಕು ಕೊಟ್ಟಿದೆ, ಮೋಟಾರು ಗಾಡಿಗೆ ಕೊಟ್ಟಿಲ್ಲ. ಸ್ವೀಡನ್ನಿನಲ್ಲೂ ಹಾಗೆಯೇ. ವಿಡಿಯೋ ನೋಡಿ ಕಾನೂನು ಕಲಿಯಬೇಡಿ.

ಪ್ರಶ್ನೆ: ಕುಟ್ಟದಿಂದ ನಾಗರಹೊಳೆ ದಾರಿಯಲ್ಲಿ ರಸ್ತೆ ಬದಿಗೆ ನಿಲ್ಲಿಸಿ ಮಲಗಬಹುದೇ?

ಉತ್ತರ: ಇಲ್ಲ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಆ ದಾರಿ ಮುಚ್ಚಿರುತ್ತದೆ. ಹಗಲಲ್ಲೂ ಗಾಡಿಯಿಂದ ಇಳಿಯುವಂತಿಲ್ಲ.

ಪ್ರಶ್ನೆ: ಜನವರಿ ಚಳಿಗೆ ವ್ಯಾನಿನೊಳಗೆ ಇದ್ದಿಲು ಒಲೆ ಇಟ್ಟುಕೊಂಡು, ಕಿಟಕಿ ಒಂದಿಂಚು ತೆಗೆದರೆ ಸಾಕಲ್ಲವೇ?

ಉತ್ತರ: ಸಾಲದು. ಇದ್ದಿಲು ಆರಿದ ಹಾಗೆ ಕಂಡಾಗಲೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ. ಈರುಳ್ಳಿ ಕತ್ತರಿಸಿಟ್ಟರೆ ವಿಷ ಹೀರುತ್ತದೆ ಅಂತ ಇನ್ನೊಬ್ಬರು ಬರೆದಿದ್ದಾರೆ. ಅದನ್ನು ಹೇಳಿಕೊಟ್ಟವರ ಮಾತು ಇನ್ನು ಮುಂದೆ ಯಾವ ವಿಷಯಕ್ಕೂ ಕೇಳಬೇಡಿ. ದಪ್ಪ ಕಂಬಳಿ ತನ್ನಿ, ಮಂಚದ ಪಕ್ಕಕ್ಕೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ.

ಪ್ರಶ್ನೆ: ಟಾಯ್ಲೆಟ್ ಡಬ್ಬಿಯನ್ನು ತೋಡಿಗೆ (ಹಳ್ಳಕ್ಕೆ) ಸುರಿದರೆ ಮಳೆನೀರಲ್ಲಿ ಹೋಗಿಬಿಡುತ್ತದಲ್ಲವೇ?

ಉತ್ತರ: ಹೋಗಿ ಎಲ್ಲಿಗೆ ಸೇರುತ್ತದೆ? ಇಲ್ಲಿನ ಹೆಚ್ಚಿನ ತೋಡುಗಳು ಕಾವೇರಿಗೋ ಅದರ ಉಪನದಿಗೋ ಸೇರುತ್ತವೆ. ನಿಮ್ಮ ಬೆಂಗಳೂರಿನ ನಲ್ಲಿಯಲ್ಲಿ ಬರುವುದೂ ಅದೇ ಕಾವೇರಿ. ತೋಟದವರನ್ನು ಕೇಳಿ ಅವರ ಟಾಯ್ಲೆಟ್ಟಿಗೆ ಸುರಿಯಿರಿ. ಡಬ್ಬಿಗೆ ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಹಾಕಿದ್ದರೆ ಅದನ್ನೂ ಮೊದಲೇ ಹೇಳಿ, ಅದು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ಪ್ರಶ್ನೆ: ಜುಲೈ, ಆಗಸ್ಟಿನಲ್ಲಿ ಮಳೆ ನೋಡಲು ವ್ಯಾನಿನಲ್ಲಿ ಬರಬಹುದೇ? ರಸ್ತೆ ಪಕ್ಕ ಗುಡ್ಡ ಕಡಿದು ಮಾಡಿದ ಜಾಗಗಳಲ್ಲಿ ಯಾರ ತಂಟೆಯೂ ಇರುವುದಿಲ್ಲ.

ಉತ್ತರ: ಯಾರೂ ಅಲ್ಲಿ ನಿಲ್ಲದಿರುವುದಕ್ಕೆ ಕಾರಣ ಇದೆ. ಕಡಿದ ಬರೆಯ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆಯ, ಬುಡ ಅದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದು ಅರ್ಚಕರ ಮನೆಯವರು ಮಣ್ಣಿನಡಿ ಹೋದರು. ಆ ಎರಡು ತಿಂಗಳು ನಾನು ಯಾರಿಗೂ ಜಾಗ ಕೊಡುವುದಿಲ್ಲ, ಎಷ್ಟು ಬೇಡಿಕೊಂಡರೂ ಅಷ್ಟೇ. ಮಳೆ ನೋಡಬೇಕಿದ್ದರೆ ಬಸ್ಸಿನಲ್ಲಿ ಬಂದು ಗಟ್ಟಿ ಮನೆಯಲ್ಲಿ ಉಳಿದುಕೊಳ್ಳಿ. ವ್ಯಾನ್ ಅಕ್ಟೋಬರ್ ಕಳೆದ ಮೇಲೆ ತನ್ನಿ.