ನಿಮ್ಮ ‘ಸುಳ್ಳು ತಲೆ’ ಕತೆಯ ಬಗ್ಗೆ

ನಮಸ್ಕಾರ.

ನೀವು ಕಳಿಸಿದ ‘ಸುಳ್ಳು ತಲೆ’ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರುತ್ತಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ತಪ್ಪು. ನಿಮ್ಮ ನಾಯಕ ಮೈಸೂರು ಲ್ಯಾನ್ಸರ್ಸ್‌ನ, ಅಂದರೆ ಮೈಸೂರು ಸಂಸ್ಥಾನದ ಕುದುರೆ ಪಡೆಯ, ಸವಾರ. ಮೊದಲ ಮಹಾಯುದ್ಧದ ಕಾಲ, 1917ರಲ್ಲಿ ಫ್ರಾನ್ಸಿನ ಕಂದಕದೊಳಗೆ ನಿಂತು, ಕೋಲಿಗೆ ಒಂದು ಬೊಂಬೆ ತಲೆ ಸಿಕ್ಕಿಸಿ ಎತ್ತುತ್ತಾನೆ. ಜರ್ಮನ್ ಸ್ನೈಪರ್, ಅಂದರೆ ಅಡಗಿ ಕೂತು ಗುರಿಯಿಟ್ಟು ಹೊಡೆಯುವವನು, ಅದಕ್ಕೆ ಗುಂಡು ಹೊಡೆದು ಮೋಸ ಹೋಗುತ್ತಾನೆ. ಆದರೆ ಮೈಸೂರು ಲ್ಯಾನ್ಸರ್ಸ್ ಫ್ರಾನ್ಸಿಗೆ ಹೋಗಲೇ ಇಲ್ಲ. ಅವರು 1914ರಲ್ಲಿ ಹೋದದ್ದು ಈಜಿಪ್ಟಿಗೆ. ಸೂಯೆಜ್ ಕಾಲುವೆ ಕಾದರು, ಆಮೇಲೆ ಪ್ಯಾಲೆಸ್ತೀನಿನಲ್ಲಿ ಹೋರಾಡಿದರು. ಅಲ್ಲಿ ಅವರು ಗೆದ್ದ ಹೈಫಾ ಊರಿನ ಹೆಸರು ಇಲ್ಲಿಯ ಓದುಗರಿಗೆ ಗೊತ್ತು. ಮೊದಲ ಪುಟದಲ್ಲೇ ಈ ತಪ್ಪು ಕಂಡರೆ ಮುಂದಿನದನ್ನು ಅವರು ನಂಬಿ ಓದುವುದಿಲ್ಲ.

ಎರಡನೆಯದು, ಆ ತಲೆ. ಅದನ್ನು ನೀವು ಎರಡು ಕಡೆ ‘ಬೆದರುಬೊಂಬೆ’ ಅಂದಿದ್ದೀರಿ. ಹೊಲದ ಬೆದರುಬೊಂಬೆಯ ಕೆಲಸ ಹಕ್ಕಿಯನ್ನು ಓಡಿಸುವುದು. ಈ ತಲೆಯ ಕೆಲಸ ಅದಲ್ಲ. ಬರೀ ಒಂದು ಗುಂಡು ಹಾಳು ಮಾಡಿಸುವುದೂ ಅಲ್ಲ. ಆ ಗುಂಡು ಎಲ್ಲಿಂದ ಬಂತು ಅಂತ ಕಂಡುಹಿಡಿಯುವುದು. ನಿಮ್ಮ ಕತೆಯಲ್ಲಿ ಗುಂಡು ಬೀಳುತ್ತದೆ, ಸಿಪಾಯಿಗಳು ನಗುತ್ತಾರೆ, ಮುಗಿಯಿತು. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ.

ಅದು ಹೇಗೆ ನಡೆಯುತ್ತಿತ್ತು ಹೇಳುತ್ತೇನೆ. ಹೆಸ್ಕೆತ್-ಪ್ರಿಚರ್ಡ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ. ಮೊದಲು ಬೇಟೆಗಾರ, ಕ್ರಿಕೆಟ್ ಆಟಗಾರ, ಕತೆಗಳನ್ನೂ ಬರೆದವನು. 1916ರಲ್ಲಿ ಫ್ರಾನ್ಸಿನ ಲಿಂಗೆಮ್‌ನಲ್ಲಿ ಸ್ನೈಪರ್‌ಗಳಿಗೆ ಶಾಲೆ ನಡೆಸಿದ. ಅವನ ಪದ್ಧತಿಯಲ್ಲಿ ತಲೆಯನ್ನು ಕಾಗದದ ಮುದ್ದೆಯಿಂದ ಮಾಡಿ, ಬಣ್ಣ ಬಳಿದು, ಕೋಲಿಗೆ ಹಾಕುತ್ತಿದ್ದರು. ಕಂದಕದ ಗೋಡೆಗೆ ಉದ್ದಕ್ಕೆ ಕೊರಕಲು ಮಾಡಿದ ಒಂದು ಹಲಗೆ. ಕೋಲು ಆ ಕೊರಕಲಿನೊಳಗೇ ಮೇಲೆ ಕೆಳಗೆ ಜಾರಬೇಕು, ಆಚೆ ಈಚೆ ಅಲ್ಲಾಡಬಾರದು. ಕೆಲವು ತಲೆಗಳ ಬಾಯಲ್ಲಿ ಸಿಗರೇಟು, ಅದಕ್ಕೊಂದು ರಬ್ಬರ್ ಕೊಳವೆ. ಕೆಳಗೆ ಕೂತ ಸಿಪಾಯಿ ಕೊಳವೆ ಬಾಯಿಗಿಟ್ಟು ದಮ್ಮು ಎಳೆದರೆ ಮೇಲೆ ಹೊಗೆ ಬರುತ್ತದೆ!

ಗುಂಡು ಬಿದ್ದ ತಕ್ಷಣ ತಲೆಯನ್ನು ಬೀಳಿಸುತ್ತಾರೆ, ಏಟು ತಿಂದ ಮನುಷ್ಯ ಬೀಳುವ ಹಾಗೆ. ಈಗ ತಲೆಯಲ್ಲಿ ಎರಡು ತೂತು, ಮುಂದೊಂದು ಹಿಂದೊಂದು. ಪೆರಿಸ್ಕೋಪು ಅಂದರೆ ಮೇಲೊಂದು ಕೆಳಗೊಂದು ಕನ್ನಡಿ ಇರುವ ಕೊಳವೆ, ಕೆಳಗೆ ಕೂತೇ ಮೇಲಿನದನ್ನು ನೋಡಬಹುದು. ತಲೆಯನ್ನು ಗುಂಡು ಬಿದ್ದ ಜಾಗದಿಂದ ಸರಿಯಾಗಿ ಪೆರಿಸ್ಕೋಪಿನ ಎತ್ತರದಷ್ಟೇ ಕೆಳಗೆ ನಿಲ್ಲಿಸುತ್ತಾರೆ. ಮುಂದಿನ ತೂತಿನೆದುರು ಪೆರಿಸ್ಕೋಪಿನ ಕೆಳಗಿನ ಕನ್ನಡಿ ಇಡುತ್ತಾರೆ. ಅದರ ಮೇಲಿನ ಕನ್ನಡಿ ಈಗ ಗುಂಡು ಹಾದುಹೋದ ಎತ್ತರದಲ್ಲೇ ಇರುತ್ತದೆ. ಹಿಂದಿನ ತೂತಿಗೆ ಕಣ್ಣಿಟ್ಟು ನೋಡಿದರೆ ಗುಂಡು ಬಂದ ದಾರಿಯೇ ಕಾಣುತ್ತದೆ. ದಾರಿಯ ಕೊನೆಯಲ್ಲಿ ಒಂದು ಮರಳು ಚೀಲ, ಇಲ್ಲವೇ ತಗಡಿನಲ್ಲಿ ಒಂದು ಕಿಂಡಿ. ಆ ಕಿಂಡಿಯ ಹಿಂದೆ ಒಬ್ಬ ಮನುಷ್ಯ.

ನಿಮ್ಮ ಸಿಪಾಯಿಯ ಕಣ್ಣು ಆ ಹಿಂದಿನ ತೂತಿಗೆ ಬರಲೇ ಇಲ್ಲ, ಅಲ್ವಾ? ಸುಳ್ಳು ತಲೆಯ ಒಳಗಿಂದ ಅವನು ನಿಜವಾದ ಮನುಷ್ಯನನ್ನು ಹುಡುಕುತ್ತಾನೆ. ಸಿಕ್ಕಿದರೆ ಅವನನ್ನು ಕೊಲ್ಲುತ್ತಾರೆ, ಅದೂ ಇವನಿಗೆ ಗೊತ್ತು. ಕತೆ ಇರುವುದು ಅಲ್ಲಿ. ಅದನ್ನು ನೀವು ನಗುವಿನಲ್ಲಿ ಕಳೆದುಬಿಟ್ಟಿದ್ದೀರಿ, ನನಗೆ ನಿಜಕ್ಕೂ ಬೇಜಾರಾಯಿತು.

ಮೊದಲ ಒಂದೂವರೆ ಪುಟ, ಯುದ್ಧತಂತ್ರದ ಇತಿಹಾಸ, ತೆಗೆದುಹಾಕಿ. ‘ಶತ್ರುವಿನ ಕಣ್ಣಿಗೆ ಮಣ್ಣೆರಚಿದ’ ಅನ್ನುವ ಮಾತು ಐದು ಸಲ ಬಂದಿದೆ. ಐದನ್ನೂ ತೆಗೆಯಿರಿ.

ಈಗ ನಿಮ್ಮ ಮುಂದೆ ಎರಡು ದಾರಿ. ಫ್ರಾನ್ಸೇ ಬೇಕಾದರೆ ನಾಯಕನ ಪಡೆ ಬದಲಿಸಿ. ಭಾರತದ ಕಾಲಾಳುಗಳ ಎರಡು ಡಿವಿಷನ್‌ಗಳು 1915ರ ಕೊನೆಗೆ ಅಲ್ಲಿಂದ ಹೊರಟಿದ್ದವು. ಆದರೆ ಭಾರತದ ಬೇರೆ ಕುದುರೆ ಪಡೆಗಳು 1918ರ ಶುರುವಿನವರೆಗೂ ಇದ್ದವು. ಆ ಸವಾರರು ಕುದುರೆ ಇಳಿದು ಕಂದಕದಲ್ಲೂ ಸರದಿ ಮಾಡಿದ್ದರು.

ಮೈಸೂರಿನ ಸವಾರನೇ ಬೇಕಾದರೆ ಪ್ಯಾಲೆಸ್ತೀನಿಗೆ ಕರೆದುಕೊಂಡು ಹೋಗಿ. ನನಗೆ ಇದೇ ಜಾಸ್ತಿ ಇಷ್ಟ. 1918ರ ಬೇಸಿಗೆಯಲ್ಲಿ ಅವರು ಜೋರ್ಡಾನ್ ಕಣಿವೆಯ ಸುಡು ಬಿಸಿಲಿನಲ್ಲಿದ್ದರು. ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿ ಕುದುರೆ ಪಡೆಗಳನ್ನು ರಾತ್ರೋರಾತ್ರಿ ಸಮುದ್ರ ತೀರಕ್ಕೆ ಸಾಗಿಸಿದ. ಶತ್ರುವಿಗೆ ಗೊತ್ತಾಗದಿರಲಿ ಅಂತ ಕಣಿವೆಯಲ್ಲಿ ಡೇರೆಗಳನ್ನು ಹಾಗೇ ಉಳಿಸಿದರು. ನಿಜವಾದ ಕುದುರೆಗಳ ಜಾಗದಲ್ಲಿ ಮರ ಮತ್ತು ಕ್ಯಾನ್ವಾಸಿನ ಸುಮಾರು 15,000 ಕುದುರೆಗಳು ನಿಂತವು. ನೀರು ಕುಡಿಸುವ ಹೊತ್ತಿಗೆ ಹೇಸರಗತ್ತೆಗಳಿಂದ ಹಲಗೆ ಎಳೆಸಿ ಧೂಳೆಬ್ಬಿಸುತ್ತಿದ್ದರು. ಇತ್ತ ಜಾಫಾ ಹತ್ತಿರದ ಕಿತ್ತಳೆ ತೋಟಗಳಲ್ಲಿ ಸಾವಿರಾರು ಸವಾರರು ಬೆಂಕಿ ಹಚ್ಚದೆ, ಬಯಲಿಗೆ ಬಾರದೆ ಕಾಯುತ್ತಿದ್ದರು. 19ರ ಬೆಳಗಿನ ಜಾವ ದಾಳಿ ಶುರುವಾಯಿತು. 23ಕ್ಕೆ ಹೈಫಾ.

ವರ್ಷವಿಡೀ ಒಂದು ಕುದುರೆಯ ಮೈ ತಿಕ್ಕಿ, ಹುಲ್ಲು ಹಾಕಿ ಸಾಕಿದ ಸವಾರ. ಅದು ನಿಲ್ಲುತ್ತಿದ್ದ ಜಾಗದಲ್ಲೇ ಕ್ಯಾನ್ವಾಸಿನ ಕುದುರೆಯನ್ನು ಕಂಡರೆ ಅವನಿಗೆ ಏನನ್ನಿಸಬಹುದು? ನಿಮಗೆ ಅದು ಬರೆಯಲು ಬರುತ್ತದೆ. ಹೇಗೆ ಗೊತ್ತು ಅಂದರೆ, ಮೂರನೇ ಪುಟದಲ್ಲಿ ತಲೆಯನ್ನು ಮೇಲೆತ್ತುವ ಮೊದಲು ಅದರ ಕೆನ್ನೆಗೆ ಅಂಟಿದ ಕೆಸರನ್ನು ನಿಮ್ಮ ಸಿಪಾಯಿ ತೋಳಿನ ತುದಿಯಿಂದ ಒರೆಸುತ್ತಾನೆ. ಅಲ್ಲಿ ನೀವು ಏನೂ ವಿವರಿಸಿಲ್ಲ. ಆ ಸಾಲಿಗಾಗಿಯೇ ಕತೆಯನ್ನು ಎರಡನೇ ಸಲ ಓದಿದೆ. ಅದನ್ನು ಮುಟ್ಟಬೇಡಿ.

ಅವಸರ ಮಾಡಬೇಡಿ, ಎರಡು ತಿಂಗಳು ತಗೊಳ್ಳಿ. ತಿದ್ದಿದ್ದನ್ನು ನನ್ನ ಹೆಸರಿಗೇ ಕಳಿಸಿ.

ಪ್ರೀತಿಯಿಂದ,
ಸಂಪಾದಕ