ಓದುಗರ ಪ್ರಶ್ನೆ: ಅಗ್ಗದ ‘ಐ7 ಗೇಮಿಂಗ್ ಪಿಸಿ’ ಕೊಳ್ಳಬಹುದೆ?

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ಮಗನಿಗೆ ಓದಿಗೂ ಗೇಮ್‌ಗಳಿಗೂ ಆಗುವಂಥ ಕಂಪ್ಯೂಟರ್ ಕೊಡಿಸಬೇಕೆಂದಿದ್ದೇನೆ. ಮಾನಿಟರ್ ಮನೆಯಲ್ಲಿದೆ, ಉಳಿದದ್ದಕ್ಕೆ 65 ಸಾವಿರ ರೂಪಾಯಿ ಮೀರುವಂತಿಲ್ಲ. ಅಂಗಡಿಯವರು ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ‘ಗೇಮಿಂಗ್ ಪಿಸಿ’ಯನ್ನು 28 ಸಾವಿರಕ್ಕೇ ಕೊಡುತ್ತೇನೆನ್ನುತ್ತಾರೆ. ಕೊಟೇಶನ್‌ನಲ್ಲಿ ಐ7-3770, ಎಚ್61 ಮದರ್‌ಬೋರ್ಡ್, ಜಿಟಿ 730 ಎಂದಿದೆ. ಮಗ ಬೇಡವೆನ್ನುತ್ತಾನೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮಗನ ಮಾತೇ ಸರಿ. ಐ7 ಎಂಬುದು ದರ್ಜೆಯ ಹೆಸರೇ ಹೊರತು ಕಾಲವನ್ನು ಹೇಳುವುದಿಲ್ಲ. ಅದರ ಮುಂದಿನ 3770 ಎಂಬ ಸಂಖ್ಯೆಯೇ ಇದು 2012ರಲ್ಲಿ ಬಂದ ಮೂರನೇ ತಲೆಮಾರಿನ ಪ್ರೊಸೆಸರ್ ಎಂದು ತಿಳಿಸುತ್ತದೆ. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು, ಕೆಲವನ್ನು ಬಿಟ್ಟು, ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಜಿಟಿ 730 ಕಾರ್ಡಿನ ‘4 ಜಿಬಿ’ ಕೂಡ ಕಣ್ಣು ಕಟ್ಟುವ ಅಂಕಿಯೇ. ಅದರ ಡಿಡಿಆರ್3 ಮೆಮೊರಿ ಸೆಕೆಂಡಿಗೆ 14ರಿಂದ 29 ಜಿಬಿಯಷ್ಟು ದತ್ತಾಂಶವನ್ನು ಸಾಗಿಸಿದರೆ, ಇಂದಿನ ಸಾಧಾರಣ ಕಾರ್ಡಾದ ರೇಡಿಯಾನ್ ಆರ್‌ಎಕ್ಸ್ 6600 ಸೆಕೆಂಡಿಗೆ 224 ಜಿಬಿ ಸಾಗಿಸುತ್ತದೆ. ಡಬ್ಬಿ ಹೊಸದಾದರೂ ಒಳಗಿನ ಸರಕು ದಶಕ ಹಳೆಯದು.

ಬಿಡಿಭಾಗಗಳನ್ನು ಆರಿಸುವಾಗ ಮಾನಿಟರ್‌ನಿಂದ ಹೊರಡಬೇಕು. ನಿಮ್ಮದು 1920×1080ರ ಪರದೆಯಾದರೆ, ಅದಕ್ಕೆ ಒಪ್ಪುವ ಗ್ರಾಫಿಕ್ಸ್ ಕಾರ್ಡಿಗೆ ಒಟ್ಟು ಹಣದ ಮೂರನೇ ಒಂದು ಭಾಗವನ್ನು ಮೊದಲೇ ಎತ್ತಿಡಿ, ಉಳಿದುದನ್ನು ಮಿಕ್ಕ ಭಾಗಗಳಿಗೆ ಹಂಚಿ. 8 ಜಿಬಿಯ ಆರ್‌ಎಕ್ಸ್ 6600, ಜೊತೆಗೆ ಆರು ಕೋರ್‌ಗಳ ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್ ಎಂಬುದು ನನ್ನ ಸಲಹೆ. ಪ್ರೊಸೆಸರ್ ಜೊತೆಗೇ ಕೂಲರ್ ಬರುವುದರಿಂದ ಬೇರೆ ಕೊಳ್ಳಬೇಕಾಗಿಲ್ಲ. ಈ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ 2016ರಷ್ಟು ಹಳೆಯದು, ಮುಂದೆ ಪ್ರೊಸೆಸರ್ ಬದಲಿಸಲು ಅದರ ನಂತರದ ಎಎಂ5 ಮೇಲು ಎಂಬ ವಾದ ನಿಜವೇ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮ್ ಬೇಕೇ ಬೇಕು. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ದರ ವಿಪರೀತ ಏರಿದ್ದು, ಎಎಂ4 ಬಳಸುವ ಡಿಡಿಆರ್4 ಕೂಡ ಅದರ ಬಿಸಿಯಿಂದ ಪಾರಾಗಿಲ್ಲ. ಆದ್ದರಿಂದ ಕೊಳ್ಳುವ ದಿನದ ದರವನ್ನೇ ನೋಡಿ ಲೆಕ್ಕ ಹಾಕಿ. ಹಣ ಸಾಲದಿದ್ದರೆ 1 ಟಿಬಿ ಎಸ್‌ಎಸ್‌ಡಿಯ ಬದಲು 500 ಜಿಬಿಯದನ್ನು ತೆಗೆದುಕೊಳ್ಳಿ, ಗ್ರಾಫಿಕ್ಸ್ ಕಾರ್ಡಿನಲ್ಲಿ ಮಾತ್ರ ಇಳಿಯಬೇಡಿ. ರ‍್ಯಾಮ್ 16 ಜಿಬಿಯ ಒಂದೇ ಪಟ್ಟಿಯಾಗಿರದೆ 8 ಜಿಬಿಯ ಎರಡಾಗಿರಲಿ, ಆಗ ಮೆಮೊರಿಯ ವೇಗ ಹೆಚ್ಚುತ್ತದೆ; ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಅವು ಪ್ರೊಸೆಸರ್‌ನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿರಬೇಕು.

ಜನ ಅತಿ ಹೆಚ್ಚು ಕೈ ಬಿಗಿಹಿಡಿಯುವುದು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಘಟಕ) ವಿಷಯದಲ್ಲಿ, ಅದು ಕ್ಯಾಬಿನೆಟ್ಟಿನೊಳಗೆ ಮರೆಯಾಗಿರುತ್ತದೆ ಎಂಬ ಕಾರಣಕ್ಕೇ. ಆರ್‌ಎಕ್ಸ್ 6600ರ ವಿದ್ಯುತ್ ಬಳಕೆ 132 ವ್ಯಾಟ್, ಪ್ರೊಸೆಸರಿನದು 65 ವ್ಯಾಟ್ ಎಂದು ತಯಾರಕರೇ ಹೇಳಿದ್ದಾರೆ. ಹೀಗಾಗಿ ಹೆಸರಾಂತ ಕಂಪನಿಯ 550 ವ್ಯಾಟ್‌ನ ಘಟಕ ಧಾರಾಳವಾಗಿ ಸಾಕು, ಚೀಟಿಯಲ್ಲಿ ಮಾತ್ರ 700 ವ್ಯಾಟ್ ಎಂದು ಬರೆದುಕೊಂಡಿರುವ ಅನಾಮಧೇಯ ಘಟಕ ಬೇಡ. 80 ಪ್ಲಸ್ ಬ್ರಾಂಜ್ ಮುದ್ರೆ ಇರಲಿ, ಆದರೆ ಅದು ಅಳೆಯುವುದು ವಿದ್ಯುತ್ತನ್ನು ಪೋಲು ಮಾಡದ ಗುಣವನ್ನಷ್ಟೇ, ಬಾಳಿಕೆಯನ್ನಲ್ಲ. ಬಾಳಿಕೆಗೆ ಐದು ವರ್ಷದ ವಾರಂಟಿಯೇ ಹೆಚ್ಚು ನಂಬಬಹುದಾದ ಸುಳಿವು. ಕರೆಂಟು ಪದೇ ಪದೇ ಹೋಗುವ ಊರುಗಳಲ್ಲಿ ಯುಪಿಎಸ್ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು: ಆಕ್ಟಿವ್ ಪಿಎಫ್‌ಸಿ (ವಿದ್ಯುತ್ತನ್ನು ಹದವಾಗಿ ಎಳೆದುಕೊಳ್ಳುವ ವ್ಯವಸ್ಥೆ) ಇರುವ ಕೆಲವು ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್‌ನ ಚೌಕ ತರಂಗದ ವಿದ್ಯುತ್ತಿಗೆ ಹೊಂದಿಕೊಳ್ಳದೆ, ಕರೆಂಟು ಹೋದ ಕ್ಷಣವೇ ಕಂಪ್ಯೂಟರನ್ನು ಆರಿಸಿಬಿಡುತ್ತವೆ. ಬಣ್ಣದ ದೀಪಗಳ ಕ್ಯಾಬಿನೆಟ್ ಬೇಕೇ ಎಂಬುದನ್ನು ಎಲ್ಲ ಮುಗಿದ ಮೇಲೆ ಯೋಚಿಸಿ.

ಪ್ರಶ್ನೆ: ಸದ್ಯ ಗ್ರಾಫಿಕ್ಸ್ ಕಾರ್ಡಿಗೆ ಹಣವಿಲ್ಲ. ಅದಿಲ್ಲದೆ ಆರಂಭಿಸಿ ಮುಂದಿನ ವರ್ಷ ಸೇರಿಸಬಹುದೆ?
– ಓದುಗರು, ಶಿರಸಿ

ಉತ್ತರ: ಸೇರಿಸಬಹುದು, ಆದರೆ ಪ್ರೊಸೆಸರ್ ಬದಲಾಗಬೇಕು. ರೈಜನ್ 5 5600, ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಐ5-12400ಎಫ್ ಇವುಗಳಿಗೆ ಒಳಗಿನ ಗ್ರಾಫಿಕ್ಸ್ ಇಲ್ಲದ ಕಾರಣ ಕಾರ್ಡಿಲ್ಲದೆ ಪರದೆಯ ಮೇಲೆ ಏನೂ ಮೂಡದು. ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಕೊಂಡರೆ ವ್ಯಾಲೊರಂಟ್‌ನಂಥ ಹಗುರ ಗೇಮ್‌ಗಳನ್ನು ಆಡಬಹುದು. ಅದು ರ‍್ಯಾಮನ್ನೇ ಗ್ರಾಫಿಕ್ಸ್ ಮೆಮೊರಿಯಾಗಿ ಬಳಸುವುದರಿಂದ ಎರಡು ಪಟ್ಟಿಗಳ ನಿಯಮ ಇಲ್ಲಿ ಇನ್ನೂ ಮುಖ್ಯ. 5600ಜಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ದತ್ತಾಂಶ ಸಾಗಿಸುವ ಪಿಸಿಐಇ ಸಂಪರ್ಕ ಹಳೆಯ 3.0 ಆವೃತ್ತಿಯದು, ಆದ್ದರಿಂದ ಮುಂದೆ ನಾಲ್ಕೇ ದತ್ತಾಂಶದ ಹಾದಿ, ಅಂದರೆ ಲೇನ್‌ಗಳಿರುವ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡನ್ನು ಅದಕ್ಕೆ ಜೋಡಿಸಿದರೆ ಕಾರ್ಡಿನ ಪೂರ್ಣ ವೇಗ ಸಿಗುವುದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು ಅಪಾಯವೆ?
– ಓದುಗರು, ಬೆಳಗಾವಿ

ಉತ್ತರ: 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಕರೆನ್ಸಿ ತನ್ನ ವ್ಯವಸ್ಥೆಯನ್ನು ಬದಲಿಸಿ, ಗ್ರಾಫಿಕ್ಸ್ ಕಾರ್ಡುಗಳಿಂದ ಅದನ್ನು ಗಳಿಸುವ ‘ಗಣಿಗಾರಿಕೆ’ ನಿಂತಾಗ, ಹಗಲಿರುಳು ದುಡಿದ ಕಾರ್ಡುಗಳು ರಾಶಿಯಾಗಿ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ, ಫ್ಯಾನ್ ಹಾಗೂ ಥರ್ಮಲ್ ಪೇಸ್ಟ್ ಬದಲಿಸಿದರೆ ಎಷ್ಟೋ ಕಾರ್ಡುಗಳು ಚೆನ್ನಾಗಿಯೇ ನಡೆಯುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನಲ್ಲಾಗಲಿ, ಕಣ್ಣೆದುರೇ ಅರ್ಧ ಗಂಟೆ ಭಾರೀ ಗೇಮ್ ಓಡಿಸಿ ಉಷ್ಣತೆಯನ್ನೂ ಪರದೆಯ ಮೇಲಿನ ಚುಕ್ಕೆಗಳನ್ನೂ ನೋಡದೆ ಹಣ ಕೊಡಬೇಡಿ. ಮೂಲ ಬಿಲ್ಲಿನಲ್ಲಿ ಬರೆದ ಸೀರಿಯಲ್ ಸಂಖ್ಯೆಯೂ ಕಾರ್ಡಿನ ಬೆನ್ನಿನ ಚೀಟಿಯಲ್ಲಿರುವ ಸಂಖ್ಯೆಯೂ ಒಂದೇ ಆಗಿದ್ದು, ವಾರಂಟಿ ಉಳಿದಿದ್ದರೆ ಮಾತ್ರ ಹೊಸ ಕಾರ್ಡಿನ ಮುಕ್ಕಾಲು ಬೆಲೆ ಕೊಡಬಹುದು. ಇಲ್ಲವಾದರೆ ಅರ್ಧಕ್ಕಿಂತ ಹೆಚ್ಚು ಕೊಡುವುದು ದುಡುಕು.