‘ಇತರೆ’ ಎಂಬ ಬಣ್ಣದೊಳಗೆ

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಪತ್ರ: ‘ಬೆಂಗಳೂರು ಹೇಗೆ ಹಬ್ಬಿತು ಎಂಬುದನ್ನು ಉಪಗ್ರಹ ಚಿತ್ರಗಳಿಂದ ಮನೆಯಲ್ಲೇ ಕೂತು ನಕ್ಷೆ ಮಾಡಬಹುದು. ನಾನು ಮಾಡಿದ್ದನ್ನು ಕಳಿಸಿದ್ದೇನೆ. ಹೀಗಿರುವಾಗ ನೀವು ಸಂಚಿಕೆ ಸಂಚಿಕೆಗೂ ಹಳಬರ ಕೆರೆಯ ನೆನಪುಗಳನ್ನು ಅಚ್ಚು ಹಾಕುವುದೇಕೆ?’

ಸಂಪಾದಕರ ಉತ್ತರ:

ನಿಮ್ಮ ನಕ್ಷೆ ಎರಡು ದಿನದಿಂದ ನನ್ನ ಮೇಜಿನ ಮೇಲಿದೆ. ನೀವು ಪಟ್ಟ ಶ್ರಮ ಕಾಣುತ್ತದೆ, ನಿಜಕ್ಕೂ ಸಂತೋಷವಾಯಿತು. ಉಪಗ್ರಹ ಚಿತ್ರಗಳ ಉಪಕಾರವೂ ಸಣ್ಣದಲ್ಲ. 1973ರಿಂದ 2010ರೊಳಗೆ ಬೆಂಗಳೂರಿನ ಕಟ್ಟಡ ಪ್ರದೇಶ ಶೇ 584ರಷ್ಟು ಹೆಚ್ಚಿತು, ಹಸಿರು ಶೇ 66ರಷ್ಟು, ಜಲಮೂಲ ಶೇ 74ರಷ್ಟು ಕುಗ್ಗಿತು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಲೆಕ್ಕ ಕೊಟ್ಟದ್ದು ಈ ಚಿತ್ರಗಳಿಂದಲೇ. ಅಷ್ಟು ಒಪ್ಪಿದೆ.

ಈಗ ನಿಮ್ಮ ಬಣ್ಣಗಳಿಗೆ ಬರೋಣ. ಕೆಂಪು ಕಟ್ಟಡ, ಹಸಿರು ಗಿಡಮರ, ನೀಲಿ ನೀರು. ನಾಲ್ಕನೆಯದು ಹಳದಿ, ಅದರ ಪಕ್ಕದಲ್ಲಿ ‘ಇತರೆ’ ಎಂದು ಬರೆದಿದ್ದೀರಿ. ನನ್ನ ತಕರಾರೆಲ್ಲ ಆ ಹಳದಿಯ ಮೇಲೆ. ಬೆಂಗಳೂರಿನ ಪೂರ್ವದಂಚಿನ ವರ್ತೂರಿನ ಆಚೆ ನಿಮ್ಮ 1992ರ ಹಾಳೆಯ ತುಂಬ ಅದೇ ಇದೆ. ಅಲ್ಲಿದ್ದದ್ದು ಕೊಯ್ಲಾದ ರಾಗಿ ಹೊಲ, ದನ ಮೇಯುವ ಗೋಮಾಳ, ಬತ್ತಿದ ಕೆರೆಯ ಅಂಗಳ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆಂದು ನೀವು ಮಾರ್ಚಿನ ಚಿತ್ರ ಆರಿಸಿದ್ದೀರಿ. ಮಾರ್ಚಿನಲ್ಲಿ ನಮ್ಮ ಸೀಮೆಯ ಎಷ್ಟೋ ಕೆರೆಗಳಲ್ಲಿ ನೀರಿರುವುದಿಲ್ಲ, ಕೆರೆ ಮಾತ್ರ ಇರುತ್ತದೆ. ನಿಮ್ಮ ಕಂಪ್ಯೂಟರಿಗೆ ಅದು ಬರೀ ಬಯಲು. ಇನ್ನು ಆ ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರ್ ಚೌಕ. ಮೂವತ್ತು ನಲವತ್ತರ ಎಂಟು ಸೈಟು ಅದರೊಳಗೆ ಹಿಡಿಸುತ್ತವೆ. ರಾಜಕಾಲುವೆಗೆ ಸೇರುವ ನಾಲ್ಕಡಿ ಹಳ್ಳ ಅಲ್ಲಿ ಎಲ್ಲಿ ಕಂಡೀತು?

ಕೆಲವು ವರ್ಷಗಳ ಹಿಂದೆ ಸರ್ಜಾಪುರ ರಸ್ತೆ ಕಡೆಯ ಒಂದು ಹಳ್ಳಿಯಲ್ಲಿ ಕೆರೆಯ ನೀರು ಬಿಡುವ ಕೆಲಸ ನೋಡಿಕೊಳ್ಳುತ್ತಿದ್ದ ನೀರುಗಂಟಿ ಮನೆತನದ ಅಜ್ಜರೊಬ್ಬರ ಹಿಂದೆ ಮಧ್ಯಾಹ್ನದವರೆಗೆ ನಡೆದಿದ್ದೆ. ಕೈಯಲ್ಲಿ ಗ್ರಾಮನಕ್ಷೆ, ಮಡಿಕೆಗಳಲ್ಲಿ ಹರಿದು ಅಂಟುಪಟ್ಟಿ ಹಚ್ಚಿದ್ದು. ಹೊಸ ಬಡಾವಣೆಯ ಮೂಲೆಮನೆಯ ಗೇಟಿನ ಮುಂದೆ ಅಜ್ಜ ನಿಂತರು. ಚಪ್ಪಲಿ ಬಿಟ್ಟು ಕಾಂಕ್ರೀಟಿನ ಮೇಲೆ ಪಾದ ಊರಿ, ‘ತೂಬು ಇಲ್ಲಿತ್ತು ಸ್ವಾಮಿ. ಕೋಡಿ ಬಿದ್ರೆ ನೀರು ಆ ಹುಣಸೆ ಮರದ ಎಡಕ್ಕೆ ಹೋಗೋದು’ ಅಂದರು. ನಕ್ಷೆಯಲ್ಲಿ ಹಳ್ಳದ ಗೆರೆ ಹುಣಸೆ ಮರದ ಎಡಕ್ಕೇ ಇತ್ತು. ಅದರ ಮೇಲೆ ಈಗ ಮನೆಗಳ ಸಾಲು. 2022ರ ಸೆಪ್ಟೆಂಬರಿನಲ್ಲಿ ಮಳೆನೀರು ನುಗ್ಗಿ ಆ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತರುತ್ತಿದ್ದಾಗ ನನ್ನ ಕಣ್ಣಮುಂದೆ ಬಂದದ್ದು ಅಜ್ಜನ ಆ ಪಾದ.

ಬೆಂಗಳೂರಿನ ನಡುವೆ ಇದ್ದ ಸಂಪಂಗಿ ಕೆರೆಯನ್ನೇ ನೋಡಿ. 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಹಾರುವ ಹೊತ್ತಿಗೆ ಅಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತ್ತು. ಕರಗದ ಪೂಜೆಗೆಂದು ಉಳಿಸಿಕೊಂಡ ಪುಟ್ಟ ಹೊಂಡವೊಂದೇ ಕೆರೆ ಇತ್ತೆಂದು ಈಗ ಸಾಕ್ಷಿ ಹೇಳುತ್ತಿದೆ. ಆ ಹೊಂಡವನ್ನು ಕಾದದ್ದು ಜನರ ನೆನಪು ತಾನೆ?

ನಿಮ್ಮನ್ನು ಗದರಿಸುವ ಮನಸ್ಸಿಲ್ಲ. ಸಿಟ್ಟು ನಿಮಗೆ ಕಲಿಸಿದವರ ಮೇಲೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಕಲಿಸಿದರು, ಪಹಣಿ ಓದುವುದನ್ನು ಕಲಿಸಲಿಲ್ಲ. ಗೋಮಾಳ ಅಂದರೆ ಅಲ್ಲಿ ಊರದನಕ್ಕೆ ಹಕ್ಕಿದೆ ಎಂದು ತಿಳಿಯುತ್ತದೆ. ಗುಂಡುತೋಪು ಅಂದರೆ ಅದು ಊರೊಟ್ಟಿನ ಸೊತ್ತಾದ ಮರಗಳ ತೋಪು. ಹಳ್ಳ ಹರಿಯುವ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಮಾರುವಂಥದ್ದಲ್ಲ. ಈ ಮಾತುಗಳನ್ನೆಲ್ಲ ಒರೆಸಿ ‘ಇತರೆ’ ಎಂದು ಬರೆದರೆ ಕೇಳುವವರಿಲ್ಲದ ನೆಲ ಎಂದಾಗುತ್ತದೆ. ನಾನು ಕಂಡಂತೆ ಬೇಲಿ ಮೊದಲು ಬೀಳುವುದು ಅಂಥ ಕಡೆಯೇ. ಮನೆ ಎದ್ದು ನಿಮ್ಮ ಚುಕ್ಕಿ ಕೆಂಪಾಗುವ ಹೊತ್ತಿಗೆ ಸೈಟಿನ ಕಲ್ಲು ನೆಟ್ಟು ಐದಾರು ವರ್ಷ ಆಗಿರುತ್ತದೆ. ಕಚೇರಿಗಳಲ್ಲಿ ಗೋಡೆ ತುಂಬ ಬಣ್ಣದ ನಕ್ಷೆ ನೋಡಿದ್ದೇನೆ, ಗ್ರಾಮನಕ್ಷೆ ಕೇಳಿದರೆ ಬೀರುವಿನ ಕೀಲಿಯೇ ಸಿಗುವುದಿಲ್ಲ.

ಆ ಅಜ್ಜ ಈಗಿಲ್ಲ. ಅವರ ತಮ್ಮ ಇದ್ದಾರೆ, ಎಂಬತ್ತು ದಾಟಿದೆ, ಇನ್ನೂ ಓಡಾಡುತ್ತಾರೆ. ಮುಂಗಾರಿಗೆ ಮುಂಚೆ ಒಂದು ಭಾನುವಾರ ನಿಮ್ಮ ನಕ್ಷೆ ಹಿಡಿದು ಬನ್ನಿ, ನಾನೂ ಬರುತ್ತೇನೆ. ಒಂದೊಂದು ಹಳದಿ ತುಂಡಿನ ಮೇಲೂ ಅವರು ಹೇಳುವ ಹೆಸರು ಬರೆದುಕೊಳ್ಳಿ. ಆ ನಕ್ಷೆಗೆ ಎರಡು ಪುಟ ಬಿಟ್ಟಿರುತ್ತೇನೆ.